ಒಂಬತ್ತು ಗುಂಡಿನ ಗೂಡು

"ಲೂಗರ್ ಇದೆಯಾ?" ಎನ್ನುತ್ತಲೇ ಬರುತ್ತಾರೆ,
ಇನ್ನೂ ಸೈಕಲ್ಲಿನಿಂದ ಇಳಿದಿರುವುದಿಲ್ಲ.
ಪೆರೋನ್ ಊರಿನ ಭಾನುವಾರದ ಹಳೆಸಾಮಾನಿನ ಸಂತೆ.
ಎಡಕ್ಕೆ ಬೆರ್ತಿಲ್‌ಳ ಪಿಂಗಾಣಿ,
ಬಲಕ್ಕೆ ಯಾರದೋ ಹಲ್ಲುದುರಿದ ಅಕಾರ್ಡಿಯನ್,
ನಡುವೆ ನಾನು, ಒದಿಲೋನ್ ಕಾರ್ಪಾಂಟಿಯೆ,
ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಬ್ರೇಕು ಪರೀಕ್ಷಿಸಿದವನು,
ಹಸಿರು ಬಟ್ಟೆ ಹಾಸಿ
ನಾಲ್ಕು ರೂಬಿ ಪಿಸ್ತೂಲು ಮುಂದಿಟ್ಟು ಕೂತಿದ್ದೇನೆ.

ಇಲ್ಲ, ಲೂಗರ್ ಇಲ್ಲ.
ಅದಕ್ಕೆ ಗಾಜಿನ ಪೆಟ್ಟಿಗೆ ಇದೆ, ಸಿನಿಮಾ ಇದೆ.
ಇದಕ್ಕೆ ನಾನಿದ್ದೇನೆ.

ಹೆಸರಿಗೆ ಮಾಣಿಕ್ಯ. ನೋಡಲು ಬಾಗಿಲ ಚಿಲಕ.
ಹದಿನೈದನೆಯ ಇಸವಿಯಲ್ಲಿ ಫ್ರಾನ್ಸಿಗೆ ಪಿಸ್ತೂಲು ಸಾಲದೆ
ಪಿರೆನೀಸ್ ಬೆಟ್ಟದಾಚೆ ಏಬಾರ್ ಎಂಬ ಕಣಿವೆಯೂರಿಗೆ ಹೇಳಿಕಳಿಸಿತು:
ತಿಂಗಳಿಗೆ ಹತ್ತು ಸಾವಿರ. ಆಮೇಲೆ ಮೂವತ್ತು ಸಾವಿರ.
ಒಂದು ಕಾರ್ಖಾನೆಗೆ ಆಗುವ ಮಾತೇ?
ಬೀಗ ಮಾಡುವವನು ಮಾಡಿದ, ಅವನ ಭಾವ ಮಾಡಿದ,
ಕಪ್ಪು ಬೀನ್ಸು ಬೇಯುವ ಒಲೆಯ ಪಕ್ಕ
ಹೆಂಗಸರು ಅರ ಉಜ್ಜಿದರು.
ಹೆಸರು ಒಂದೇ, ನಕ್ಷೆ ಒಂದೇ,
ಹುಟ್ಟಿದ್ದು ಮಾತ್ರ ಐವತ್ತು ದಾಯಾದಿಗಳು:
ಒಬ್ಬನ ಮ್ಯಾಗಜೀನು ಇನ್ನೊಬ್ಬನ ಹಿಡಿಯೊಳಗೆ ಕೂರುವುದಿಲ್ಲ.
ಕೂದಲೆಳೆಯಷ್ಟು ದಪ್ಪ, ಕೂದಲೆಳೆಯಷ್ಟು ಗಿಡ್ಡ.
ಕಂದಕದ ಕೆಸರಲ್ಲಿ, ಕತ್ತಲಲ್ಲಿ,
ಸತ್ತವನ ಸೊಂಟದಿಂದ ಎಳೆದುಕೊಂಡದ್ದು
ನಿನ್ನದಕ್ಕೆ ಸೇರದಿದ್ದರೆ ಏನು ಮಾಡುತ್ತೀ?

ಅದಕ್ಕೇ ಹಿಡಿಯ ಬುಡದಲ್ಲಿ ಎರಡೆರಡು ಅಕ್ಷರದ ಮುದ್ರೆ.
ಅದಕ್ಕೇ ನಾನು ಮಸೂರ ಹಿಡಿದು ಕೂರುವುದು.
ಬಲ್ಲವರು ಹೇಳುತ್ತಾರೆ: ಒರಟು, ಮೆದು ಉಕ್ಕು, ಅವಸರದ ಕೆಲಸ.
ನಿಜ, ಇಲ್ಲ ಎನ್ನಲಾರೆ.
ಆದರೆ ಸ್ಲೈಡಿನ ಪಕ್ಕದ ಈ ಗುಂಡುಮೊಳೆ ನೋಡಿ:
ಒರೆಗೆ ತುರುಕುವಾಗ ತಡೆಗೀಲು ತಾನೇ ಜಾರಿ
ಯಾರದೋ ತೊಡೆಗೆ ಗುಂಡು ಹೊಕ್ಕ ಮೇಲೆ
ಯಾರೋ ಯೋಚಿಸಿ ಬಡಿದದ್ದು.
ನನಗೆ ಈ ಒಂದು ಮೊಳೆ
ಲೂಗರಿನ ಮಡಿಸುವ ಮೊಣಕೈಗಿಂತ ಚೆಂದ.

ನನ್ನಲ್ಲಿ ಹದಿನೇಳು ಇವೆ,
ಎಲ್ಲದರ ನಳಿಗೆಗೂ ಕಾನೂನು ಉಕ್ಕಿನ ಬಿರಡೆ ಜಡಿದಿದೆ.
ಹದಿನೆಂಟನೆಯದು ಬರೀ ಮ್ಯಾಗಜೀನು.
ಸಕ್ಕರೆ ಬೀಟಿನ ಹೊಲದಲ್ಲಿ ನೇಗಿಲಿಗೆ ಸಿಕ್ಕದ್ದು;
ಎಣ್ಣೆಬಟ್ಟೆ ಸುತ್ತಿತ್ತು, ತುಕ್ಕು ತಿಂದದ್ದು ಬುಡವನ್ನಷ್ಟೇ,
ಸರಿಯಾಗಿ ಅಕ್ಷರವಿದ್ದ ಕಡೆ.
ಹದಿನೇಳರಲ್ಲಿ ಯಾವುದಕ್ಕೂ ಕೂರದು.
ಕುಲಾವಿ ಇದೆ, ಕೂಸಿಲ್ಲ.

ಹೋದ ಮೇ ತಿಂಗಳಲ್ಲಿ ಅದನ್ನು ಸಾಬೂನು ಡಬ್ಬಿಯಲ್ಲಿಟ್ಟು
ಏಬಾರಿಗೇ ಹೋದೆ.
ಗರ್ಬಿನ್ಯೆ ಅರಿಸ್ಮೆಂದಿ, ಎಂಬತ್ತಾರು ವರ್ಷ.
ಅವಳ ಮನೆತನ ಪಿಸ್ತೂಲು ಬಿಟ್ಟು ಸೈಕಲ್ಲಿನ ಗಂಟೆ ಮಾಡಿತು,
ಆಮೇಲೆ ಏನೂ ಮಾಡಲಿಲ್ಲ.
ಕನ್ನಡಕ ಹುಡುಕಲಿಲ್ಲ ಅವಳು.
ಹೆಬ್ಬೆರಳ ಉಗುರನ್ನು ತಗಡಿನ ತುಟಿಯ ಮೇಲೆ ಎಳೆದು,
"ಇಲ್ಲಿ ಅರ ತಳ್ಳಿದ್ದಾರೆ. ಇಲ್ಲಿ ಎಳೆದಿದ್ದಾರೆ.
ಎಳೆಯಬಾರದು.
ಕಲಿಯುವ ಕೈ ಇದು, ಹತ್ತು ವರ್ಷದ್ದಿರಬೇಕು,
ಹಸಿದಿತ್ತು" ಎಂದಳು.
ಯಾರ ಮನೆಯದು? ಕೇಳಿದೆ.
"ಯಾರದಾದರೇನು, ಎಲ್ಲ ಮನೆಯಲ್ಲೂ ಮಕ್ಕಳಿದ್ದವು."
ಆಮೇಲೆ ಕಾಫಿ ಬಗ್ಗಿಸುತ್ತ, ನನ್ನ ಮುಖ ನೋಡದೆ:
"ಕೊಂದಿತೇ ಇದು?"

ನೇಗಿಲು ಎತ್ತಿದಾಗ ಒಳಗೆ
ಒಂಬತ್ತೂ ಗುಂಡು ಹಾಗೇ ಇದ್ದವು,
ಒಂದೇ ಹಾಸಿಗೆಯ ಅಣ್ಣತಮ್ಮಂದಿರ ಹಾಗೆ.
ಮದ್ದುಗುಂಡಿನ ದಳದವರು ಬಂದು ಒಯ್ದರು.
ಕೊಲ್ಲಲಿಲ್ಲ ಎಂದೆ.
ಅವಳು ತಲೆಯಾಡಿಸಿದಳು,
ಹೌದೆಂದೋ, ಅಷ್ಟು ಸಾಲದೆಂದೋ.

ಬೊರ್ದೋ ದಾಟಿದ ಮೇಲೆ, ರೈಲಿನಲ್ಲಿ, ಹೊಳೆಯಿತು:
ಅವನಿಗೂ ಅದು ಕೂರಲಿಲ್ಲವೇನೋ.
ಬ್ರೇಕು ಹಿಡಿದ ಸದ್ದಿಗೆ ಎಂದಿನಂತೆ ಕಿವಿಕೊಟ್ಟೆ.
ಸರಿಯಾಗಿತ್ತು.

ಇವತ್ತು ಒಬ್ಬ ಬಂದ, ಲೂಗರ್ ಕೇಳಲಿಲ್ಲ.
ಅತ್ತೆಯ ಅಟ್ಟದಲ್ಲಿ ಸಿಕ್ಕಿತಂತೆ, ಬಿರಡೆ ಹಾಕಿಸಿ ತಂದಿದ್ದ:
ರೂಬಿ, ಹಿಡಿಯೊಳಗೆ ಬರೀ ಟೊಳ್ಳು,
ನಾನು ಎಂದೂ ನೋಡಿರದ ಎರಡು ಅಕ್ಷರ.
ನಲವತ್ತು ಯೂರೋ. ಚೌಕಾಸಿ ಮಾಡದೆ ಕೊಟ್ಟೆ.
ಸಾಬೂನು ಡಬ್ಬಿ ಜೇಬಿನಲ್ಲೇ ಇತ್ತು.
"ಹಾಕಿ ನೋಡುವುದಿಲ್ಲವಾ?" ಎಂದಳು ಬೆರ್ತಿಲ್.

ಮೋಡ ಆಗ್ತಿದೆ, ನಿನ್ನ ಪಿಂಗಾಣಿ ಒಳಗಿಡು, ಎಂದೆ.